ಬಾನೆಟ್ ತೆರೆದರೆ ಸರಿಹೋಗುವ ಗಾಡಿ

ನನ್ನ ನೆನಪಿನಲ್ಲಿ ಆ ಗಾಡಿ ಬಿಳಿ ಬಣ್ಣದ್ದು. ಮೊನ್ನೆ ಹಳೆಯ ಫೋನಿನಲ್ಲಿ ಸಿಕ್ಕ ಫೋಟೋದಲ್ಲಿ ನೋಡಿದರೆ ಬೂದು. ಬಣ್ಣವೇ ಹೀಗೆ ಕೈಕೊಟ್ಟ ಮೇಲೆ ಉಳಿದದ್ದನ್ನು ಎಷ್ಟು ನಂಬಬೇಕು ಎಂಬ ಅಳುಕಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಜನ ಆಡಿದ ಮಾತು ಹೆಚ್ಚುಕಡಿಮೆ ಹೀಗೇ ಇತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ತಪ್ಪಿರಬಹುದು. ಎಂಜಿನ್ನಿನೊಳಗೆ ಕಂಡದ್ದರ ವಿಷಯದಲ್ಲಿ ಮಾತ್ರ ತಪ್ಪಿಲ್ಲ. ಅದನ್ನು ಕೈಯಿಂದ ಮುಟ್ಟಿದ್ದೇನೆ.

ಆಗ ನಾನು ಕೋಪರಖೈರಣೆಯಲ್ಲಿ, ರೈಲು ಹಳಿಯ ಆಚೆ ಕಾರ್ಖಾನೆಗಳ ಸಾಲು ಶುರುವಾಗುವಲ್ಲಿದ್ದ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದೆ. ಗ್ಯಾರೇಜು ಕಲ್ಯಾಣದಿಂದ ದಿನಾ ಬಂದುಹೋಗುವ ಮರಾಠಿ ಮಿಸ್ತ್ರಿಯವರದು. ಬಿಚ್ಚುವುದು, ಕಟ್ಟುವುದು ಅವರ ಕೆಲಸ. ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿ ದೋಷ ಎಲ್ಲಿದೆ ಎಂದು ಹುಡುಕುವುದು ನನ್ನದು. ದಸರಾ ಕಳೆದು, ದೀಪಾವಳಿ ಇನ್ನೂ ಬಾರದ ಬೇಗೆಯ ದಿನಗಳು. ಒಂದು ಮಧ್ಯಾಹ್ನ ಡೊಂಬಿವಲಿಯ ಹೋಟೆಲ್ ಮಾಲೀಕರೊಬ್ಬರು ತಾವೇ ಗಾಡಿ ಓಡಿಸಿಕೊಂಡು ಬಂದರು. ಉಡುಪಿ ಕಡೆಯವರು. ಹೋಟೆಲಿನ ಜೊತೆಗೆ ಮಹಾಪೆಯ ಒಂದೆರಡು ಕಂಪನಿಗಳ ಕ್ಯಾಂಟೀನಿಗೆ ಬೆಳಗಿನ ತಿಂಡಿಯನ್ನೂ ಕಳಿಸುತ್ತಿದ್ದರು. ಹಿಂದಿನ ಸೀಟುಗಳನ್ನು ತೆಗೆಸಿ ಪಾತ್ರೆ ಇಡಲು ಜಾಗ ಮಾಡಿದ್ದ ಹಳೆಯ ಡೀಸೆಲ್ ಗಾಡಿ ಅದು. ಬಾಗಿಲು ತೆರೆದರೆ ಹುಳಿಹುಳಿಯಾಗಿ ಸಾಂಬಾರಿನ ವಾಸನೆ ಬರುತ್ತಿತ್ತು.

"ರಿಪೇರಿ ಮತ್ತೆ ಮಾಡುವ ಮೇಡಂ," ಎಂದರು ಕೂರುವ ಮೊದಲೇ. "ಮೊದಲು ನನಗೆ ಒಂದು ಹೇಳಿ. ಡೀಸೆಲ್ ಕುಡಿಯುವುದು ಈ ಗಾಡಿಯಾ, ಇಲ್ಲ ನನ್ನ ಡ್ರೈವರಾ?"

ನವರಾತ್ರಿ ಮುಗಿದಂದಿನಿಂದ ಗಾಡಿಯ ಆವರೇಜ್, ಅಂದರೆ ಲೀಟರ್ ಡೀಸೆಲಿಗೆ ಓಡುವ ದೂರ, ಬಿದ್ದುಹೋಗಿತ್ತು. ಶಿಳಫಾಟಾ ದಾಟಿ ಮಹಾಪೆಯ ಕಡೆ ಗುಡ್ಡ ಏರುವಾಗ ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬಿಡುತ್ತದೆ ಎಂದು ಡ್ರೈವರ್ ಹೇಳುತ್ತಿದ್ದ. ಬದಿಗೆ ನಿಲ್ಲಿಸಿ ಹೊರಡುವಷ್ಟರಲ್ಲಿ ತಡವಾಗುತ್ತಿತ್ತು.

"ಕಂಪನಿಯವರು ಫೋನ್ ಮಾಡಿ ಬಯ್ತಾರೆ, ಇಡ್ಲಿ ತಣ್ಣಗಾಗಿ ಕಲ್ಲಾಗಿದೆ ಅಂತ. ನಾನು ಡೊಂಬಿವಲಿಯಲ್ಲಿ ಸ್ಟಾರ್ಟ್ ಮಾಡಿ ಎರಡು ಸುತ್ತು ಹಾಕಿದ್ರೆ ಎಂತ ಸಹ ಇಲ್ಲ ಮಾರಾಯ್ರೆ! ಈಗ ಇಲ್ಲಿಗೆ ಬಂದೆ, ನಿಂತಿತಾ? ಅವನು ದಸರಾಕ್ಕೆ ಊರಿಗೆ ಹೋಗಿ ಬಂದದ್ದೇ ಬಂದದ್ದು, ಬುದ್ಧಿಯೇ ಬೇರೆ ಆಗಿದೆ. ಗಾಡಿ ನಿಲ್ಲಿಸಿ ಡೀಸೆಲ್ ಎಳೆದು ಮಾರ್ತಾನೆ ಅಂತ ನನ್ನ ಲೆಕ್ಕ. ಹೊಗೆಯ ಕಥೆ ಎಲ್ಲ ಅದಕ್ಕೆ ಮುಚ್ಚಳ."

"ಎಷ್ಟು ವರ್ಷದಿಂದ ಇದ್ದಾರೆ ಅವರು?" ಎಂದು ಕೇಳಿದೆ.

"ಗಾಡಿ ತಗೊಂಡಂದಿನಿಂದ. ಅದಕ್ಕೇ ಹೊಟ್ಟೆ ಉರಿಯುವುದು. ಈ ಶನಿವಾರದ ಒಳಗೆ ನೀವು ಗಾಡಿ ಸರಿ ಉಂಟು ಅಂದ್ರೆ, ಅವನು ಮನೆಗೆ."

ಇಂಥ ಕೆಲಸವನ್ನು ಒಪ್ಪಿಕೊಳ್ಳಬಾರದಿತ್ತು. ಯಂತ್ರದ ದೋಷ ಹುಡುಕುವುದು ಒಂದು, ಮನುಷ್ಯನ ತೀರ್ಪು ಕೊಡುವುದು ಇನ್ನೊಂದು. ಆದರೆ ಒಪ್ಪಿಕೊಂಡೆ. ಅಷ್ಟೇ ಅಲ್ಲ, ಮಾಲೀಕರ ಮಾತು ಅಷ್ಟರಲ್ಲೇ ನನ್ನೊಳಗೆ ಇಳಿದಿತ್ತು. ಮರುದಿನ ಡ್ರೈವರ್ ಗಾಡಿ ತಂದು ಬಿಟ್ಟು ಚಹಾ ಕುಡಿಯಲು ಹೋದಾಗ ನಾನು ಮೊದಲು ತೆರೆದದ್ದು ಬಾನೆಟ್ಟನ್ನಲ್ಲ, ಅವನ ಬಾಗಿಲನ್ನು. ಸೀಟಿನ ಹಿಂದೆ ಒಂದು ಬಿಳಿಯ ಪ್ಲಾಸ್ಟಿಕ್ ಕ್ಯಾನ್ ಇತ್ತು. ಮುಚ್ಚಳ ತಿರುಗಿಸಿ ಮೂಸಿ ನೋಡಿದೆ. ವಾಸನೆಯೇನೂ ಇರಲಿಲ್ಲ, ನೀರು. ತೊಳೆದಿಟ್ಟಿರಬಹುದು ಎಂದುಕೊಂಡು ಮುಚ್ಚಳ ಹಾಕಿದೆ.

ಡ್ರೈವರ್ ವಿಜಯಪುರದ ಕಡೆಯವನು, ನನಗಿಂತ ದೊಡ್ಡವನು, ಮಾತು ಕಡಿಮೆ. ಏನಾಗುತ್ತದೆ ಎಂದು ಕೇಳಿದ್ದಕ್ಕೆ ಹೇಳಿದ: "ಗಾಡಿ ಎಳಿವಲ್ದ್ರಿ. ಏರು ಹತ್ತಾಕ ಚಾಲೂ ಆತಂದ್ರ ಹಿಂದ ಕರ್ರನ ಹೊಗಿ. ಬದಿಗೆ ಹಚ್ಚಿ, ಬಂದ್ ಮಾಡಿ, ಬಾನೆಟ್ ತಗದು ಸ್ವಲ್ಪ ನಿಂತ್ರ ಮತ್ತ ಕುದುರಿ ಓಡಿದಂಗ ಓಡ್ತದ."

"ಬಾನೆಟ್ ತೆಗೆದು ಏನು ಮಾಡ್ತೀರಿ?"

"ಏನೂ ಮಾಡಂಗಿಲ್ರಿ. ನೋಡ್ಕೊಂತ ನಿಂದರ್ತೀನಿ."

"ಸುಮ್ಮನೆ ನೋಡಿದ್ರೆ ಸರಿಹೋಗುತ್ತಾ?"

"ಅದ್ನ ನಿಮ್ಮ ಮಿಷನ್ನಿಗೆ ಕೇಳ್ರಿ," ಎಂದು ಸ್ಕ್ಯಾನರಿನ ಕಡೆ ಕೈ ಮಾಡಿದ.

ಸ್ಕ್ಯಾನರ್ ಹೇಳಿದ್ದು ಇಷ್ಟು: ಎಂಜಿನ್ನಿಗೆ ಬರಬೇಕಾದಷ್ಟು ತಾಜಾ ಗಾಳಿ ಬಂದಿಲ್ಲ, ಹೊಗೆ ಮರಳಿಸುವ ವ್ಯವಸ್ಥೆಯನ್ನು ಪರಿಶೀಲಿಸಿ. ಇಂಥ ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರಿಗೆ ಹೋಗುವ ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್ನಿನೊಳಗೆ ಬಿಡುವ ಒಂದು ವಾಲ್ವ್ ಇರುತ್ತದೆ. ಗ್ಯಾರೇಜುಗಳಲ್ಲಿ ಅದನ್ನು ಇಜಿಆರ್ ಎನ್ನುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಹಗುರಾಗಿ ಓಡುವಾಗ ಅದು ತೆರೆದಿರಬೇಕು, ಮಾಲಿನ್ಯ ಕಡಿಮೆಯಾಗುತ್ತದೆ. ಏರಿನಲ್ಲಿ ಎಂಜಿನ್ನಿಗೆ ಗಾಳಿ ಬೇಕಾದಾಗ ಮುಚ್ಚಿಕೊಳ್ಳಬೇಕು. ಏರಿನಲ್ಲೂ ತೆರೆದೇ ಇದ್ದರೆ ಎಂಜಿನ್ನು ತನ್ನ ಹೊಗೆಯನ್ನೇ ಉಸಿರಾಡುತ್ತದೆ. ಆಗ ಕಪ್ಪು ಹೊಗೆ, ಸೋತ ಎಳೆತ, ವ್ಯರ್ಥವಾಗುವ ಡೀಸೆಲ್. ಡ್ರೈವರ್ ಹೇಳಿದ್ದಕ್ಕೆಲ್ಲ ಇದು ಹೊಂದುತ್ತಿತ್ತು. ಅತಿಯಾಗಿ ಹೊಂದುತ್ತಿತ್ತು ಎನ್ನಿಸಿತು ಆಗ. ಇಷ್ಟು ವರ್ಷ ಗಾಡಿ ಓಡಿಸಿದವನಿಗೆ ಯಾವ ರೋಗಕ್ಕೆ ಯಾವ ಲಕ್ಷಣ ಹೇಳಬೇಕು ಎಂದು ತಿಳಿಯದೇ ಇರುತ್ತದೆಯೇ?

ವಾಲ್ವನ್ನು ಬಿಚ್ಚಿದೆವು. ಒಳಗೆ ಒಲೆಯ ಗೂಡಿನಂತೆ ಮಸಿ ಕಟ್ಟಿತ್ತು. ಮಿಸ್ತ್ರಿ ಕೆರೆದು, ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರು. ನಾನು ಕೈಪಂಪಿನಿಂದ ವಾಲ್ವಿಗೆ ವ್ಯಾಕ್ಯೂಮ್ ಕೊಟ್ಟು ನೋಡಿದೆ. ಗಾಳಿ ಹೀರಿದರೆ ಕಡ್ಡಿ ಮೇಲೆದ್ದು ವಾಲ್ವ್ ತೆರೆಯುತ್ತಿತ್ತು, ಬಿಟ್ಟರೆ ಟಕ್ಕನೆ ಕೆಳಗಿಳಿದು ಮುಚ್ಚುತ್ತಿತ್ತು. ವಾಲ್ವಿಗೆ ಆ ವ್ಯಾಕ್ಯೂಮನ್ನು ಕಂಪ್ಯೂಟರಿನ ಅಪ್ಪಣೆಯಂತೆ ಹಂಚುವ ಸೊಲೆನಾಯ್ಡ್ ಕೂಡ ಸರಿಯಾಗಿತ್ತು. ಎರಡನ್ನೂ ಸೇರಿಸುವ ಪೈಪು ಕಪ್ಪು ಸುಕ್ಕುಕವಚದೊಳಗಿತ್ತು. ಅದರ ಎರಡೂ ತುದಿಯ ರಬ್ಬರ್ ಮೊಣಕೈಗಳು ಭದ್ರವಾಗಿದ್ದವು. ಕಂಪ್ಯೂಟರಿನಲ್ಲಿ ದಾಖಲಾಗಿದ್ದ ದೋಷದ ಕೋಡ್ ಅಳಿಸಿ ಗಾಡಿ ಕಳಿಸಿದೆ.

ಮರುದಿನ ಬೆಳಿಗ್ಗೆ ಅದೇ ಏರಿನಲ್ಲಿ ಅದೇ ಹೊಗೆ ಎಂದು ಮಾಲೀಕರ ಫೋನ್ ಬಂತು. ಗಾಡಿ ಮತ್ತೆ ಗ್ಯಾರೇಜಿಗೆ ಬಂದಾಗ ಬಾನೆಟ್ ತೆಗೆದು ನೋಡಿದರೆ ಎಲ್ಲವೂ ನೆಟ್ಟಗಿತ್ತು.

ಮಿಸ್ತ್ರಿ ಬೀಡಿ ಹಚ್ಚಿ ತಗಡಿನ ಚೂರೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. "ಮ್ಯಾಡಮ್, ಪತ್ರಾ ಮಾರೋ. ಗ್ರಾಹಕ್ ಖುಷ್, ಗಾಡಿ ಖುಷ್, ಮೈ ಭೀ ಟೈಮ್ ಪೆ ಘರ್."

ಪತ್ರಾ ಎಂದರೆ ತಗಡು. ಅದನ್ನು ಕತ್ತರಿಸಿ ವಾಲ್ವಿನ ಬಾಯಿಗೆ ಅಡ್ಡ ಇಟ್ಟು ಬೋಲ್ಟ್ ಬಿಗಿದುಬಿಡುವುದು, ಹೊಗೆ ಮರಳಿ ಬರುವ ದಾರಿಯನ್ನೇ ಮುಚ್ಚುವುದು. ಠಾಣೆಯಿಂದ ಪನ್ವೇಲ್‌ವರೆಗೆ ಎಲ್ಲ ಗ್ಯಾರೇಜಿನವರೂ ಮಾಡುತ್ತಿದ್ದ ಮದ್ದು. ಕಾನೂನಿಗೆ ಒಪ್ಪದ್ದು, ಆದರೆ ಏರಿನಲ್ಲಿ ಎಳೆತ ಬಂದೇ ಬರುತ್ತಿತ್ತು.

"ತಗಡು ಹಾಕಿದ ಮೇಲೆ ಆವರೇಜ್ ಸರಿಹೋಯ್ತು ಅಂದುಕೊಳ್ಳಿ ದಾದಾ," ಎಂದೆ ನನ್ನ ಮುರುಕು ಹಿಂದಿಯಲ್ಲಿ, "ಕೆಟ್ಟ ವಾಲ್ವಿನ ದಾರಿ ಮುಚ್ಚಿದ್ದಕ್ಕೆ ಸರಿಹೋಯ್ತೋ, ಡ್ರೈವರ್ ಹೆದರಿ ಕದಿಯೋದು ಬಿಟ್ಟಿದ್ದಕ್ಕೆ ಸರಿಹೋಯ್ತೋ, ಹೇಗೆ ಹೇಳೋದು?"

ಮಿಸ್ತ್ರಿ ನನ್ನನ್ನೇ ನೋಡಿದರು. "ಆಪ್ ಗ್ಯಾರೇಜ್ ಮೇ ಹೋ ಕಿ ಪೊಲೀಸ್ ಚೌಕಿ ಮೇ?"

ತಗಡು ಹಾಕಿಸಲಿಲ್ಲ. ಬದಲಿಗೆ ಗಾಡಿ ಓಡುವಾಗಲೇ ವಾಲ್ವಿನ ವ್ಯಾಕ್ಯೂಮನ್ನು ಅಳೆಯಬೇಕು ಎಂದು ತೀರ್ಮಾನಿಸಿದೆ. ನನ್ನ ಬಳಿಯಿದ್ದ ಗಟ್ಟಿ ರಬ್ಬರ್ ಪೈಪಿನ ನಡುವೆ ಕವಲೊಡೆಸಿ, ಒಂದು ಎಳೆಯನ್ನು ಕಿಟಕಿಯಿಂದ ಒಳಗೆ ತಂದು ಗೇಜಿಗೆ ಕಟ್ಟಿದೆ. ಡ್ರೈವರನ್ನು ಬೇಕೆಂದೇ ಗ್ಯಾರೇಜಿನಲ್ಲಿ ಕೂರಿಸಿದೆವು. ಮಿಸ್ತ್ರಿ ಓಡಿಸಿದರು, ನಾನು ಗೇಜು ಹಿಡಿದೆ. ಪಾತ್ರೆಗಳಿಗೆ ನೀರು ತುಂಬಿಸಿ ಭಾರ ಮಾಡಿಕೊಂಡು ಗುಡ್ಡ ದಾಟಿ ಶಿಳಫಾಟಾಕ್ಕೆ ಇಳಿದು, ಎಂಜಿನ್ ಚೆನ್ನಾಗಿ ಕಾಯುವವರೆಗೆ ಕಲ್ಯಾಣದ ರಸ್ತೆಯ ಟ್ರಾಫಿಕ್ಕಿನಲ್ಲಿ ತೆವಳಿ, ಮತ್ತೆ ಏರು ಹತ್ತಿದೆವು. ಆ್ಯಕ್ಸಿಲರೇಟರ್ ಪೂರ್ತಿ ತುಳಿದಾಗಲೆಲ್ಲ ಗೇಜಿನ ಮುಳ್ಳು ಸೊನ್ನೆಗೆ ಬಿದ್ದಿತು. ವಾಲ್ವ್ ಮುಚ್ಚುತ್ತಿತ್ತು. ಹೊಗೆಯಿಲ್ಲ. ಗಾಡಿ ಎಮ್ಮೆಯಂತೆ ನಿಧಾನ, ಆದರೆ ಎಲ್ಲೂ ನಿಲ್ಲದೆ ಏರಿತು. ಇನ್ನೊಮ್ಮೆ ಹೋಗಿ ಬಂದೆವು. ಅದೇ ಫಲ.

ಅಂದರೆ ಗಾಡಿಯಲ್ಲಿ ದೋಷವಿಲ್ಲ. ಹಾಗಿದ್ದರೆ ಸುಳ್ಳು ಹೇಳುತ್ತಿರುವುದು ಡ್ರೈವರ್.

ಗ್ಯಾರೇಜಿಗೆ ಮರಳಿದಾಗ ಅವನು ಟೈರೊಂದರ ಮೇಲೆ ಕೂತಿದ್ದ. "ಹತ್ತಿತ್ರಿ?" ಎಂದ.

"ಹತ್ತಿತು."

ಅವನ ಮುಖದಲ್ಲಿ ಆಗ ಕಂಡದ್ದನ್ನು ನಾನು ಸಿಕ್ಕಿಬಿದ್ದವನ ಗಾಬರಿ ಎಂದು ಓದಿಕೊಂಡೆ. ಮುಂದೆ ನಡೆದದ್ದು ತಿಳಿದ ಮೇಲೆ ಅದೇ ಮುಖ ನೆನಪಿನಲ್ಲಿ ಬೇರೆಯಾಗಿ ಕಾಣಿಸುತ್ತದೆ. ಯಾವುದು ನಿಜವಾಗಿ ಇತ್ತೋ ಹೇಳಲಾರೆ.

ಸಂಜೆ ಮಾಲೀಕರು ಫೋನ್ ಮಾಡಿದರು. "ಹೇಳಿ ಮೇಡಂ. ಗಾಡಿಯಾ, ಅವನಾ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳುವ ಮೊದಲು, ಅಭ್ಯಾಸಬಲದಿಂದ, ಮಾಡಿದ ಪರೀಕ್ಷೆಯನ್ನು ಮನಸ್ಸಿನಲ್ಲಿ ಮೊದಲಿನಿಂದ ಓಡಿಸಿದೆ. ಬಾನೆಟ್ ತೆರೆದೆ. ಸೊಲೆನಾಯ್ಡಿನ ತುದಿ ಕಿತ್ತೆ. ಕವಲಿನ ಪೈಪು ಜೋಡಿಸಿದೆ. ಆಮೇಲೆ? ಹಳೆಯ ಪೈಪು ಎಲ್ಲಿ ಹೋಯಿತು? ಅದನ್ನು ಉಳಿಸಿಕೊಂಡು ಅದರ ತುದಿಗೆ ನನ್ನದನ್ನು ಸೇರಿಸಿದೆನೋ, ಅದನ್ನು ಪೂರ್ತಿ ತೆಗೆದು ಅದರ ಜಾಗದಲ್ಲಿ ನನ್ನದನ್ನು ಹಾಕಿದೆನೋ? ಎರಡೂ ಚಿತ್ರ ಅಷ್ಟೇ ಸ್ಪಷ್ಟವಾಗಿ ಕಣ್ಣ ಮುಂದೆ ಬಂದವು. ಎರಡರಲ್ಲೂ ನನ್ನ ಕೈಗಳೇ ಇದ್ದವು.

"ಒಂದು ದಿನ ಕೊಡಿ ಸರ್," ಎಂದೆ.

"ಎಂತಕ್ಕೆ? ಸರಿ ಉಂಟು ಅಂತ ನಿಮ್ಮ ಮಿಸ್ತ್ರಿ ಆಗಲೇ ಹೇಳಿದ್ರಲ್ಲ!"

"ಮಿಸ್ತ್ರಿ ಹೇಳಿದ್ದಾರೆ. ನಾನು ಹೇಳಿಲ್ಲ."

ಫೋನ್ ಇಟ್ಟು ಮಿಸ್ತ್ರಿಯವರನ್ನು ಕೇಳಿದೆ. ಹಳೆಯ ಪೈಪನ್ನು ನಾನು ಪೂರ್ತಿ ಕಿತ್ತು ಬ್ಯಾಟರಿಯ ಪಕ್ಕಕ್ಕೆ ಸಿಕ್ಕಿಸಿದ್ದೆನಂತೆ. ವಾಪಸ್ ಬಂದ ಮೇಲೆ ಅವರೇ ಅದನ್ನು ಜಾಗಕ್ಕೆ ಹಾಕಿದ್ದರಂತೆ. ಹಾಗಾದರೆ ಆ ದಿನ ಗುಡ್ಡ ಹತ್ತಿದ್ದು ದೂರು ಬಂದ ಗಾಡಿಯಲ್ಲ, ನನ್ನ ಪೈಪು ಹಾಕಿದ ಬೇರೆ ಗಾಡಿ. ಅಳೆಯಲು ಹೋಗಿ, ಅಳೆಯಬೇಕಾದ್ದನ್ನೇ ತೆಗೆದಿಟ್ಟಿದ್ದೆ.

ಇದರಿಂದ ಡ್ರೈವರ್ ಪ್ರಾಮಾಣಿಕ ಎಂದೇನೂ ಆಗಲಿಲ್ಲ. ಅನುಮಾನ ಗಾಡಿಯ ಮೇಲೂ ಅವನ ಮೇಲೂ ಸಮನಾಗಿ ಹಂಚಿಹೋಯಿತು, ಅಷ್ಟೆ. ಪೈಪನ್ನು ಅಲ್ಲೇ ಬಿಚ್ಚಿ ನೋಡಬಹುದಿತ್ತು. ಆದರೆ ಈ ಗಾಡಿಯಲ್ಲಿ ಎಂಜಿನ್ ತಣ್ಣಗಿರುವಾಗ ನೋಡಿದ್ದೆಲ್ಲ ಸರಿಯಾಗಿಯೇ ಕಂಡಿತ್ತು. ಮತ್ತೆ ಬಿಚ್ಚಿ ಕಟ್ಟುವಾಗ ಮತ್ತೇನನ್ನು ಬದಲಾಯಿಸಿಬಿಡುತ್ತೇನೋ ಎಂಬ ಭಯವೂ ಇತ್ತು. ಏನನ್ನೂ ಮುಟ್ಟದೆ ಗಾಡಿಯನ್ನು ಡ್ರೈವರಿಗೆ ಒಪ್ಪಿಸಿ ಹೇಳಿದೆ: "ನಾಳೆ ಎಂದಿನ ಹಾಗೆ ತಿಂಡಿ ತಗೊಂಡು ಬನ್ನಿ. ನಿಂತರೆ ಎಂಜಿನ್ ಆಫ್ ಮಾಡಬೇಡಿ. ಬಾನೆಟ್ ತೆಗೀಬೇಡಿ. ನನಗೆ ಫೋನ್ ಮಾಡಿ. ನಾನು ಬರೋವರೆಗೂ ಬಾನೆಟ್ ಮುಚ್ಚೇ ಇರಬೇಕು."

"ಇಡ್ಲಿ ತಣ್ಣಗಾಗ್ತಾವ್ರಿ."

"ಆಗಲಿ."

"ಮಾಲಕರು ಬೈದ್ರ?"

"ನನ್ನ ಹೆಸರು ಹೇಳಿ."

ಅವನು ಕೀಲಿಯನ್ನು ಅಂಗೈಯಲ್ಲಿ ತೂಗಿದ. "ನಿಮ್ಮ ಹೆಸರು ಹೇಳಿದ್ರ ನನ್ನ ಕೆಲಸ ಉಳೀತದೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಇದು ಅವನಿಗೂ ಒಂದು ಪರೀಕ್ಷೆ ಎಂದು ನಾನು ಲೆಕ್ಕ ಹಾಕಿದ್ದೆ. ಸುಳ್ಳಾಡುವವನು ಫೋನ್ ಮಾಡುವುದಿಲ್ಲ, ಅಥವಾ ನಾನು ತಲುಪುವಷ್ಟರಲ್ಲಿ ಬಾನೆಟ್ ತೆರೆದಿರುತ್ತದೆ. ಬೆಳಿಗ್ಗೆ ಫೋನ್ ಬಂತು. ಮಿಸ್ತ್ರಿಯವರ ಬೈಕಿನ ಹಿಂದೆ ಕೂತು ಗುಡ್ಡ ದಾಟಿ ಆಚೆ ಇಳಿದಾಗ ಗಾಡಿ ರಸ್ತೆ ಬದಿಯಲ್ಲಿ ಗುರುಗುಡುತ್ತ ನಿಂತಿತ್ತು. ಬಾನೆಟ್ ಮುಚ್ಚಿತ್ತು. ಡ್ರೈವರ್ ಅದರಿಂದ ದೂರ, ಕಳ್ಳತನದ ಆರೋಪ ಹೊತ್ತವನು ಅಂಗಡಿಯ ಗಲ್ಲಾದಿಂದ ದೂರ ನಿಂತಂತೆ, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ.

ಆ್ಯಕ್ಸಿಲರೇಟರ್ ತುಳಿಯಲು ಹೇಳಿದೆ. ಸೈಲೆನ್ಸರಿನಿಂದ ಕಪ್ಪು ಮೋಡ ಎದ್ದು, ಹಿಂದೆ ಬರುತ್ತಿದ್ದ ರಿಕ್ಷಾದವನು ನಮ್ಮ ವಂಶವನ್ನೆಲ್ಲ ಮರಾಠಿಯಲ್ಲಿ ವಿಚಾರಿಸಿಕೊಂಡು ಹೋದ. ಮೊದಲ ಬಾರಿಗೆ ಆ ಹೊಗೆಯನ್ನು ನಾನು ಕಣ್ಣಾರೆ ಕಂಡೆ.

ಬಾನೆಟ್ ಎತ್ತಿದ ಕೂಡಲೇ ವಾಲ್ವಿನ ಕಡ್ಡಿ ನೋಡಿದೆ. ಮೇಲೆದ್ದು ನಿಂತಿತ್ತು. ಸೊಲೆನಾಯ್ಡಿನ ವೈರನ್ನು ಕಿತ್ತೆ. ಅಪ್ಪಣೆ ನಿಂತ ಮೇಲೆ ಕಡ್ಡಿ ಬೀಳಲೇಬೇಕು, ಬೀಳಲಿಲ್ಲ. ವಾಲ್ವಿನ ಬಳಿಯ ರಬ್ಬರ್ ಮೊಣಕೈಯನ್ನು ಎಳೆದೆ. ಸುಸ್ ಎಂದು ಗಾಳಿ ನುಗ್ಗಿತು, ಟಕ್ಕನೆ ಕಡ್ಡಿ ಬಿತ್ತು, ಎಂಜಿನ್ನಿನ ದನಿಯೇ ಬದಲಾಯಿತು. ವ್ಯಾಕ್ಯೂಮ್ ಪೈಪಿನೊಳಗೇ ಸಿಕ್ಕಿಬಿದ್ದಿತ್ತು. ಕೈ ಸುಡುತ್ತಿದ್ದರೂ ಆ ಕಪ್ಪು ಕವಚವನ್ನು ಸೀಳಿ ತೆರೆದೆ. ಒಳಗಿದ್ದದ್ದು ನೂಲು ಹೆಣೆದ ರಬ್ಬರ್ ಪೈಪಲ್ಲ. ಪಾರದರ್ಶಕವಾದ, ಮೆತ್ತನೆಯ ಪ್ಲಾಸ್ಟಿಕ್ ಪೈಪು. ಎಂಜಿನ್ನಿನ ಬಿಸಿ ಭಾಗಕ್ಕೆ ತಾಗುವ ಜಾಗದಲ್ಲಿ ಅದು ಕರಗುವಷ್ಟು ಮೆತ್ತಗಾಗಿ, ಒಳಗಿನ ಸೆಳೆತಕ್ಕೆ ಚಪ್ಪಟೆಯಾಗಿ, ಗೋಡೆಗೆ ಗೋಡೆ ಅಂಟಿಕೊಂಡಿತ್ತು. ನೋಡುತ್ತಿದ್ದಂತೆ ಗಾಳಿಗೆ ಆರಿ, ನಿಧಾನವಾಗಿ ಮತ್ತೆ ದುಂಡಗಾಗತೊಡಗಿತು. ಬಾನೆಟ್ ತೆಗೆದು ಸುಮ್ಮನೆ ನೋಡುತ್ತ ನಿಂತರೆ ಗಾಡಿ ಸರಿಹೋಗುತ್ತಿದ್ದದ್ದು ಹೀಗೆ. ಮಾಲೀಕರು ಭಾರವಿಲ್ಲದೆ ಖಾಲಿ ಗಾಡಿ ಓಡಿಸಿದಾಗ ಪೈಪು ಇಷ್ಟು ಕಾಯುತ್ತಿರಲಿಲ್ಲ. ಹಿಂದಿನ ದಿನ ಇದನ್ನು ಪೂರ್ತಿಯಾಗಿ ಕೈಯಲ್ಲಿ ಹಿಡಿದು ಪಕ್ಕಕ್ಕಿಟ್ಟಿದ್ದರೂ ಕವಚದಿಂದಾಗಿ ನನಗೆ ತಿಳಿದಿರಲಿಲ್ಲ.

ಗೆದ್ದವಳಂತೆ ಡ್ರೈವರಿನ ಕಡೆ ತಿರುಗಿದೆ. ಅವನ ಮುಖ ಅರಳಿರಲಿಲ್ಲ.

"ಈಗ ಇದನ್ನ ನಾನ ಹಾಕೀನಿ ಅಂತಾರ್ರಿ," ಎಂದ.

"ನೀವು ಹಾಕಿದ್ರಾ?"

"ನೋಡ್ರಿ, ನೀವ ಮೊದಲು ಕೇಳಿದ್ರಿ."

ನನ್ನ ರಬ್ಬರ್ ಪೈಪು ಹಾಕಿಕೊಟ್ಟೆ. ಗಾಡಿ ಗುಡ್ಡ ಹತ್ತಿ ಮರೆಯಾಯಿತು. ಮೆತ್ತನೆಯ ಪೈಪನ್ನು ಚೀಲದಲ್ಲಿಟ್ಟುಕೊಂಡು ಅಂದೇ ಮಧ್ಯಾಹ್ನ ಡೊಂಬಿವಲಿಗೆ ಹೋದೆ. ದೋಷ ಸಿಕ್ಕಿತ್ತು, ಅದನ್ನು ಇಟ್ಟವರು ಸಿಕ್ಕಿರಲಿಲ್ಲ. ದಾರಿಯುದ್ದಕ್ಕೂ, ಹಿಂದೆ ಈ ಗಾಡಿ ಮುಟ್ಟಿರಬಹುದಾದ ಕಲ್ಯಾಣದ ಯಾರೋ ಮೆಕ್ಯಾನಿಕ್‌ನ ಮೇಲೆ, ಮತ್ತೆ ಡ್ರೈವರಿನ ಮೇಲೆ, ಒಮ್ಮೆ ಮಿಸ್ತ್ರಿಯವರ ಮೇಲೂ ಅನುಮಾನ ಹಾಯ್ದುಹೋಯಿತು.

ಮಾಲೀಕರು ಗಲ್ಲಾದಲ್ಲಿ ಕೂತಿದ್ದರು. ಪೈಪನ್ನು ಅವರ ಮುಂದಿಟ್ಟೆ.

"ಇದೆಂತ? ನಮ್ಮ ನೀರಿನ ಫಿಲ್ಟರಿನ ಪೈಪ್ ಅಲ್ವಾ?" ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಫಿಲ್ಟರಿನಿಂದ ಸ್ಟೀಲ್ ಡ್ರಮ್ಮಿಗೆ ಇದೇ ಜಾತಿಯ ಪೈಪಿನಲ್ಲಿ ನೀರು ಇಳಿಯುತ್ತಿತ್ತು.

"ಇದು ನಿಮ್ಮ ಎಂಜಿನ್ನಿನಲ್ಲಿ ಇತ್ತು. ಹೊಗೆಗೂ ಆವರೇಜಿಗೂ ಇದೇ ಕಾರಣ."

"ನೋಡಿದ್ರಾ! ನಾನು ಹೇಳ್ಲಿಲ್ವಾ? ಫಿಲ್ಟರಿನ ಪೈಪ್ ಸಹ ಬಿಡ್ಲಿಲ್ಲ ಅವ!"

ಆಗ ನಾನು ಕೇಳಿದೆ. ಮೊದಲೇ ಯೋಚಿಸಿಕೊಂಡು ಕೇಳಿದೆನೋ, ಗಲ್ಲಾದ ಮೇಲಿದ್ದ ಒಣಗಿದ ಚೆಂಡುಹೂವಿನ ಮಾಲೆ ನೋಡಿ ಬಾಯಿಗೆ ಬಂತೋ ಗೊತ್ತಿಲ್ಲ. "ದಸರಾದಲ್ಲಿ ಗಾಡಿ ತೊಳೆದವರು ಯಾರು?"

"ನಾನೇ. ಆಯುಧಪೂಜೆ ದಿವಸ ನಮ್ಮಲ್ಲಿ ಕೆಲಸದವರು ಆಯುಧ ಮುಟ್ಟುವ ಕ್ರಮ ಇಲ್ಲ. ಅಪ್ಪ ಇರುವಾಗಿನಿಂದ ಹಾಗೆ. ಅವತ್ತು ಅವರಿಗೂ ರಜೆ, ಅದಕ್ಕೂ ರಜೆ. ಗ್ರೈಂಡರು, ಕಾವಲಿ, ಗಾಡಿ ಎಲ್ಲ ಧಣಿಯೇ ತೊಳೆದು ಗಂಧ ಹಚ್ಚಬೇಕು. ಅವನು ಊರಲ್ಲಿದ್ದ. ನಾನೇ ಬಾನೆಟ್ ತೆಗೆದು ಒಳಗೆ ಸಹ ಒರೆಸಿ..."

ಮಾತು ನಿಧಾನವಾಯಿತು. ಪೈಪನ್ನು ಕೈಗೆತ್ತಿಕೊಂಡರು.

"ಅಲ್ಲಿ ಮೊದಲು ಇದ್ದದ್ದು ಹರಕು ಪೈಪ್ ಮಾರಾಯ್ರೆ," ಎಂದರು ದನಿ ತಗ್ಗಿಸಿ. "ಎಣ್ಣೆ, ಮಸಿ, ನೂಲು ಕಿತ್ತುಬಂದಿದೆ. ಅಂಥದಕ್ಕೆ ಗಂಧ ಹಚ್ಚುವುದು ಹೇಗೆ? ಮೇಲಿನ ಕವರ್ ತೊಳೆದೆ, ಒಳಗೆ ಹೊಸ ಪೈಪ್ ಹಾಕಿದೆ. ಒಳ್ಳೆಯದೇ ಹಾಕಿದ್ದು. ಫುಡ್ ಗ್ರೇಡ್!"

ಫುಡ್ ಗ್ರೇಡ್ ಎಂಬುದರಲ್ಲಿ ಸುಳ್ಳಿರಲಿಲ್ಲ. ತಣ್ಣೀರು ಹರಿಯಲು ಅದಕ್ಕಿಂತ ಒಳ್ಳೆಯ ಪೈಪು ಸಿಗಲಿಕ್ಕಿಲ್ಲ. ಬಿಸಿಯಲ್ಲಿ ಒಳಮುಖವಾಗಿ ಸೆಳೆದಾಗ ನಿಲ್ಲುವುದು ಬೇರೆಯೇ ಕೆಲಸ. ಅದನ್ನು ವಿವರಿಸಲು ಹೊರಟೆ. ಅವರು ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಡ್ರೈವರ್ ಖಾಲಿ ಪಾತ್ರೆಗಳನ್ನು ಇಳಿಸಿಕೊಂಡು ಹಿಂಬಾಗಿಲಿನಿಂದ ಒಳಗೆ ಬಂದ. ಮಾಲೀಕರ ಕೈಯಲ್ಲಿದ್ದ ಪೈಪನ್ನೂ ನನ್ನನ್ನೂ ನೋಡಿ ಅಲ್ಲೇ ನಿಂತ.

ಮಾಲೀಕರು ಪೈಪನ್ನು ಸುತ್ತಿ ಗಲ್ಲಾದ ಡ್ರಾಯರಿಗೆ ಹಾಕಿದರು. "ಇದು ನಾನು ಹಾಕಿದ್ದಂತೆ ಮಾರಾಯ," ಎಂದರು ಅವನ ಕಡೆ ಪೂರ್ತಿ ತಿರುಗದೆ. "ನೀನು ನಾಳೆ ಬೇಗ ಬಾ. ಶನಿವಾರ ಪಾರ್ಟಿ ಆರ್ಡರ್ ಸಹ ಉಂಟು."

"ಬರ್ತೀನ್ರಿ," ಎಂದ ಅವನು. ಅಷ್ಟೇ. ಕ್ಷಮೆ ಎಂಬ ಪದ ಆ ಹೋಟೆಲಿನಲ್ಲಿ ಯಾರೂ ಆಡಲಿಲ್ಲ. ಆಡಿದ್ದರೆ ನಾನೂ ಆಡಬೇಕಾಗುತ್ತಿತ್ತು.

ದೀಪಾವಳಿ ಆದ ಮೇಲೆ ಅವನು ಆಯಿಲ್ ಬದಲಿಸಲು ಗಾಡಿ ತಂದ. ಏರಿನಲ್ಲಿ ಹೊಗೆಯಿಲ್ಲ, ಆವರೇಜು ಹಳೆಯ ಲೆಕ್ಕಕ್ಕೆ ಬಂದಿದೆ ಎಂದ. ಮಧ್ಯಾಹ್ನದ ಬಿಸಿಲು. ಗ್ಯಾರೇಜಿನಲ್ಲಿ ನೀರು ನಿಂತುಹೋಗಿತ್ತು. ಕೈಗೆ ಮೆತ್ತಿದ್ದ ಗ್ರೀಸನ್ನು ಚಿಂದಿಯಲ್ಲಿ ಒರೆಸಿಕೊಳ್ಳುತ್ತ ಕುಡಿಯಲಾದರೂ ಒಂದು ತೊಟ್ಟು ಇದೆಯೇ ಎಂದು ಮಿಸ್ತ್ರಿಯವರನ್ನು ಕೇಳುತ್ತಿದ್ದೆ. ಡ್ರೈವರ್ ಎದ್ದು ಹೋಗಿ ಸೀಟಿನ ಹಿಂದಿನಿಂದ ಆ ಬಿಳಿಯ ಕ್ಯಾನ್ ತಂದು, ಮುಚ್ಚಳ ತಿರುಗಿಸಿ, ನನ್ನ ಮುಂದೆ ಹಿಡಿದ.

"ಕುಡೀರಿ ಮೇಡಂ," ಎಂದ. "ಬೇಕಾದ್ರ ಮೊದಲು ಮೂಸಿ ನೋಡ್ರಿ."

ಚಹಾದಂಗಡಿಯಿಂದ ಗ್ಯಾರೇಜಿನ ಒಳಭಾಗ ಕಾಣುತ್ತದೆ ಎಂಬುದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಅವನು ನಗುತ್ತಿದ್ದನೋ ಇಲ್ಲವೋ ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಕ್ಯಾನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಸದೆ, ಎತ್ತಿ ಕುಡಿದೆ.